ತೂಗುವುದೂ ತೂಕವೂ

ಈ ಸಂಸ್ಮರಣ ಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ನಾನು ಷಟ್ಪದಿಯನ್ನು ಕುರಿತೋ ಶಬ್ದಮಣಿದರ್ಪಣದ ಯಾವುದಾದರೊಂದು ಸೂತ್ರವನ್ನು ಕುರಿತೋ ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಮೂರು ದಶಕಗಳಿಗೆ ಸಮೀಪವಾಗಿ ಶ್ರೀಮಠದ ಶಾಲೆಯಲ್ಲಿ ಕನ್ನಡವನ್ನು ಬೋಧಿಸುತ್ತಿರುವ ಪಂಡಿತನಿಂದ ಬೇರೇನನ್ನು ನಿರೀಕ್ಷಿಸುವುದು? ಆದರೆ ನಾನು ಈ ಸಲ ಆಯ್ದುಕೊಂಡಿರುವ ವಿಷಯ ನ್ಯೂಟ್ರಿನೋ ಎಂಬ ಕಣದ್ದು. ಅದು ದಾರಿಯಲ್ಲಿ ತನ್ನ ಬಗೆಯನ್ನು ಬದಲಿಸಿಕೊಳ್ಳುತ್ತದೆಂಬುದು ಮತ್ತು ಆ ಬದಲಾವಣೆಯಿಂದಲೇ ಅದಕ್ಕೆ ತೂಕವಿದೆಯೆಂದು ಲೋಕಕ್ಕೆ ತಿಳಿಯಿತೆಂಬುದು ನಮ್ಮ ಕಾಲದ ವಿಜ್ಞಾನದ ದೊಡ್ಡ ವಾರ್ತೆಗಳಲ್ಲಿ ಒಂದು. ಕನ್ನಡ ಪಂಡಿತನಿಗೆ ಈ ಗೊಡವೆ ಏಕೆಂದು ಯಾರಾದರೂ ಕೇಳಿದರೆ ನನ್ನಲ್ಲಿ ಎರಡು ಉತ್ತರಗಳಿವೆ. ಮೊದಲನೆಯದು ನಮ್ಮ ನೆಲಕ್ಕೆ ಸಂಬಂಧಿಸಿದ್ದು, ಎರಡನೆಯದು ನಮ್ಮ ನುಡಿಗೆ ಸಂಬಂಧಿಸಿದ್ದು.

ನೆಲದ ಮಾತನ್ನು ಮೊದಲು ಹೇಳುತ್ತೇನೆ. ತಗಡೂರಿನ ಹೆಸರನ್ನು ಕೇಳಿದೊಡನೆಯೇ ಹಿರಿಯರು ನೆನೆಯುವುದು ಸ್ವಾತಂತ್ರ್ಯ ಹೋರಾಟಗಾರರಾದ ತಗಡೂರು ರಾಮಚಂದ್ರರಾಯರನ್ನು. ನೆರೆಯ ಬದನವಾಳು ಎಂದರೆ ನೆನಪಾಗುವುದು ಖಾದಿ. ಈ ಎರಡು ಹೆಸರುಗಳೂ ನಮ್ಮ ಮಕ್ಕಳಿಗೆ ಅಷ್ಟಿಷ್ಟು ತಿಳಿದಿವೆ. ಆದರೆ ಅದೇ ಬದನವಾಳಿನ ಹೆಸರನ್ನು ತಮ್ಮ ಹೆಸರಿನ ಮೊದಲಿಗೆ ಧರಿಸಿಕೊಂಡು, ಭೂಮಿಯ ಆಳಕ್ಕಿಳಿದು, ಜಗತ್ತಿನ ವಿಜ್ಞಾನಿಗಳ ಸಾಲಿನಲ್ಲಿ ನಿಂತ ಮಹನೀಯರೊಬ್ಬರನ್ನು ಕುರಿತು ತರಗತಿಯಲ್ಲಿ ವಿಚಾರಿಸಿದರೆ ಮೌನವೇ ಉತ್ತರ. ಅವರು ಬದನವಾಳು ವೆಂಕಟಸುಬ್ಬ ಶ್ರೀಕಂಠನ್, ಎಂದರೆ ಬಿ. ವಿ. ಶ್ರೀಕಂಠನ್. 1925ರ ಜೂನ್ 30ರಂದು ನಂಜನಗೂಡಿನಲ್ಲಿ ಜನಿಸಿದರು. ಹಳೆ ಮೈಸೂರಿನ ಮನೆಮನೆಗಳಲ್ಲಿ ಬಳಕೆಯಲ್ಲಿದ್ದ ನಂಜನಗೂಡು ಹಲ್ಲುಪುಡಿಯನ್ನು ತಯಾರಿಸಿದ ಸದ್ವೈದ್ಯಶಾಲೆಯ ಸ್ಥಾಪಕರಾದ ಬಿ. ವಿ. ಪಂಡಿತರೇ ಅವರ ತಂದೆ. ಆಯುರ್ವೇದದ ಮನೆತನದಲ್ಲಿ ಹುಟ್ಟಿದ ಈ ಶ್ರೀಕಂಠೇಶ್ವರನ ಹೆಸರಿನ ಬಾಲಕ 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. 1975ರಿಂದ 1987ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾಗಿದ್ದರು. 1988ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. ನಿವೃತ್ತರಾದ ಬಳಿಕ ಬೆಂಗಳೂರಿನಲ್ಲಿ ಪ್ರಜ್ಞೆಯ ಸ್ವರೂಪವನ್ನು ಕುರಿತ ವಿಚಾರದಲ್ಲಿ ತೊಡಗಿದ್ದು, 2019ರ ಅಕ್ಟೋಬರ್‌ನಲ್ಲಿ ತಮ್ಮ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲವಶರಾದರು.

ಇವರು ಅರಸಿಹೋದ ವಸ್ತುವಿನ ಸ್ವಭಾವವನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಅವಶ್ಯ. ಕೆಲವು ಪರಮಾಣುಗಳು ತಾವಾಗಿ ಕ್ಷಯಿಸುವಾಗ ಹೊರಬೀಳುವ ಶಕ್ತಿಯ ಲೆಕ್ಕ ಸರಿಹೊಂದದೆ ಹೋಗುತ್ತಿತ್ತು. ಜಮಾ ಇದ್ದಷ್ಟು ಖರ್ಚು ಕಾಣುತ್ತಿರಲಿಲ್ಲ. 1930ರಲ್ಲಿ ಪೌಲಿ ಎಂಬ ವಿಜ್ಞಾನಿ, ಕಣ್ಣಿಗೂ ಉಪಕರಣಕ್ಕೂ ಬೀಳದ ಕಣವೊಂದು ಆ ಉಳಿಕೆಯನ್ನು ಹೊತ್ತುಕೊಂಡು ಹೋಗುತ್ತಿರಬೇಕೆಂದು ಊಹಿಸಿದನು. ಅದಕ್ಕೆ ವಿದ್ಯುತ್ತಿನ ಅಂಶವಿಲ್ಲ. ಇಟಲಿಯ ಫರ್ಮಿಯು ಪ್ರಚಾರಕ್ಕೆ ತಂದ ನ್ಯೂಟ್ರಿನೋ ಎಂಬ ಹೆಸರಿನ ಕೊನೆಯಲ್ಲಿರುವುದು ಆ ಭಾಷೆಯ ಕಿರಿತನವನ್ನು ಸೂಚಿಸುವ ಪ್ರತ್ಯಯ. ನಾವು ಕಿರುಗೆಜ್ಜೆ, ಕಿರುನಗೆ ಎನ್ನುವಾಗ ಮುಂದೆ ಹಚ್ಚುವುದನ್ನು ಅವರು ಹಿಂದೆ ಹಚ್ಚುತ್ತಾರೆ. ಸೂರ್ಯನಿಂದ ಹೊರಟ ಈ ಕಣಗಳು ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿಯಷ್ಟು ಹಾದುಹೋಗುತ್ತವೆ. ಹಗಲಿನಲ್ಲಿ ತಲೆಯ ಮೇಲಿನಿಂದ, ಇರುಳಿನಲ್ಲಿ ಭೂಮಿಯನ್ನೇ ತೂರಿಕೊಂಡು ಕಾಲಿನಡಿಯಿಂದ. ನಮಗೆ ಇದರ ಅರಿವೇ ಇಲ್ಲ. ಏಕೆಂದರೆ ಇವು ದಾರಿಯಲ್ಲಿ ಯಾವ ವಸ್ತುವನ್ನೂ ಮುಟ್ಟಿ ಮಾತನಾಡಿಸುವುದು ತೀರ ಅಪರೂಪ. ಊಹೆಯಾದ ಇಪ್ಪತ್ತಾರು ವರ್ಷಗಳ ಮೇಲೆ, 1956ರಲ್ಲಿ, ಅಮೆರಿಕದ ಪರಮಾಣು ಸ್ಥಾವರವೊಂದರ ಬಳಿ ರೈನೆಸ್ ಮತ್ತು ಕೋವನ್ ಎಂಬವರು ಇದನ್ನು ಮೊತ್ತಮೊದಲಿಗೆ ಕಂಡುಹಿಡಿದರು.

ನ್ಯೂಟ್ರಿನೋಗಳು ಸೂರ್ಯನಲ್ಲಿ ಹುಟ್ಟುವಂತೆ ನಮ್ಮ ತಲೆಯ ಮೇಲಿನ ವಾಯುಮಂಡಲದಲ್ಲಿಯೂ ಹುಟ್ಟುತ್ತವೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಅಣುಗಳನ್ನು ತಾಕಿದಾಗ ಅನೇಕ ಕಣಗಳ ತುಂತುರು ಏಳುತ್ತದೆ. ಆ ತುಂತುರಿನಲ್ಲಿ ಮ್ಯೂಆನ್ ಎಂಬ ಕಣಗಳೂ ಇರುತ್ತವೆ, ನ್ಯೂಟ್ರಿನೋಗಳೂ ಇರುತ್ತವೆ. ನೆಲದ ಮೇಲೆ ಕುಳಿತು ಈ ನ್ಯೂಟ್ರಿನೋವನ್ನು ಹಿಡಿಯಹೊರಟರೆ ಮ್ಯೂಆನುಗಳ ಗದ್ದಲದಲ್ಲಿ ಅದರ ದನಿ ಕೇಳಿಸದು. ಜಾತ್ರೆಯ ನಡುವೆ ನಿಂತು ಒಬ್ಬರ ಪಿಸುಮಾತನ್ನು ಕೇಳಬೇಕಾದಂತೆ. ಗದ್ದಲ ಅಡಗಬೇಕಾದರೆ ಭೂಮಿಯ ಆಳಕ್ಕಿಳಿಯಬೇಕು. ಬಂಡೆಯ ಪದರಗಳು ಮ್ಯೂಆನುಗಳನ್ನು ತಡೆದು ನಿಲ್ಲಿಸುತ್ತವೆ, ನ್ಯೂಟ್ರಿನೋವನ್ನು ತಡೆಯಲಾರವು.

ಅಂಥ ಆಳ ಇದ್ದುದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಅದೂ ಒಂದಾಗಿತ್ತು. ಚಾಂಪಿಯನ್ ರೀಫ್ ಎಂಬ ಗಣಿ ಮೂರು ಕಿಲೋಮೀಟರಿಗಿಂತ ಕೆಳಕ್ಕಿಳಿದಿತ್ತು. ಅದಕ್ಕೂ ನಮ್ಮ ಸೀಮೆಗೂ ಹಳೆಯ ನಂಟೊಂದಿದೆ. ನಂಜನಗೂಡನ್ನು ಬಳಸಿ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕೂಡಿದ ನೀರು ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಅಲ್ಲಿ ಉತ್ಪಾದಿಸಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಗಣಿಗಳಿಗೆ. ನಮ್ಮ ಹೊಲಗದ್ದೆಗಳ ಪಕ್ಕದಲ್ಲಿ ಹರಿದ ನೀರೇ ಆ ಗಣಿಗಳ ತೊಟ್ಟಿಲನ್ನು ಇಳಿಸಿತು, ಏರಿಸಿತು. ಐವತ್ತು ವರ್ಷಗಳ ತರುವಾಯ ನಮ್ಮ ತಾಲ್ಲೂಕಿನ ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ ಉಪಕರಣಗಳನ್ನು ಹೊತ್ತುಕೊಂಡು ಅದೇ ಗಣಿಗೆ ಇಳಿದರು. 1950ರ ದಶಕದ ಆರಂಭದಲ್ಲಿ ಅವರು ಮಾಡಿದ ಕೆಲಸ, ಬೇರೆಬೇರೆ ಆಳಗಳಲ್ಲಿ ಮ್ಯೂಆನುಗಳು ಎಷ್ಟು ಬರುತ್ತವೆಂದು ಎಣಿಸುವುದು.

ಎಣಿಕೆ ಮುಂದುವರಿದಂತೆ ಸಂಖ್ಯೆ ಇಳಿಯುತ್ತ ಹೋಯಿತು. 1960ರ ದಶಕದ ಆರಂಭದಲ್ಲಿ ಮಿಯಾಕೆ, ನರಸಿಂಹಂ, ರಮಣಮೂರ್ತಿ ಎಂಬ ಮೂವರು ವಿಜ್ಞಾನಿಗಳು ಎರಡೂಮುಕ್ಕಾಲು ಕಿಲೋಮೀಟರಿನಷ್ಟು ಆಳದಲ್ಲಿ ಉಪಕರಣವನ್ನಿರಿಸಿ ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಆನೂ ಬರಲಿಲ್ಲ. ಬೇರೆ ಪ್ರಯೋಗದಲ್ಲಾಗಿದ್ದರೆ ಇದನ್ನು ಸೋಲೆಂದು ಕರೆಯುತ್ತಿದ್ದರು. ಇಲ್ಲಿ ಆ ಮೌನವೇ ಸಂಪಾದನೆಯಾಯಿತು. ಇಷ್ಟು ನಿಶ್ಶಬ್ದವಾದ ಸ್ಥಳದಲ್ಲಿ ಒಂದು ಸದ್ದು ಕೇಳಿಬಂದರೆ ಅದು ನ್ಯೂಟ್ರಿನೋವಿನದೇ ಆಗಿರಬೇಕು. ಬಯಲಾದ ಮೇಲೆಯೇ ತುಂಬುವುದಕ್ಕೆ ಎಡೆ ಎಂಬ ಮಾತು ನಮ್ಮ ಶರಣ ಪರಂಪರೆಯವರಿಗೆ ಹೊಸದೇನಲ್ಲ.

ಅನಂತರ ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಈ ಮೂರೂ ಕೂಡಿ ಗಣಿಯ ಹೀತ್‌ಕೋಟ್ ಶಾಫ್ಟಿನ ಬಳಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ನ್ಯೂಟ್ರಿನೋ ಪ್ರಯೋಗವನ್ನು ಹೂಡಿದುವು. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರು ಇದರಲ್ಲಿದ್ದರು. ಅವರು ಉಪಕರಣಗಳನ್ನು ಹಾಸುಗಲ್ಲಿನಂತೆ ಮಲಗಿಸದೆ ಗೋಡೆಯಂತೆ ನಿಲ್ಲಿಸಿದುದು ಗಮನಾರ್ಹ. ಮೇಲಿನಿಂದ ನೇರವಾಗಿ ಇಳಿಯುವ ಮ್ಯೂಆನು ಎಲ್ಲಿಯಾದರೂ ಒಂದು ತಪ್ಪಿಸಿಕೊಂಡು ಆ ಆಳವನ್ನು ಮುಟ್ಟಬಹುದು. ಅಡ್ಡಡ್ಡಲಾಗಿ ಬರುವುದು ನೂರಾರು ಕಿಲೋಮೀಟರ್ ಬಂಡೆಯನ್ನು ದಾಟಬೇಕಾದುದರಿಂದ ಅದು ಅಸಾಧ್ಯ. ಆದುದರಿಂದ ಅಡ್ಡಲಾಗಿ ಬಂದ ಮ್ಯೂಆನು ಗಾಳಿಯಿಂದ ಬಂದುದಲ್ಲ, ಪಕ್ಕದ ಬಂಡೆಯಲ್ಲಿಯೇ ನ್ಯೂಟ್ರಿನೋ ತಾಕಿ ಹುಟ್ಟಿದುದು. ಅಂಥ ಗುರುತುಗಳು 1965ರಲ್ಲಿ ದೊರೆತುವು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ರೈನೆಸ್ ಅವರ ತಂಡವೂ ಇದನ್ನೇ ಕಂಡಿತು. ಕಂಡುದರಲ್ಲಿ ಅವರು ಸ್ವಲ್ಪ ಮುಂದು, ಪ್ರಕಟಿಸಿದುದರಲ್ಲಿ ಕೋಲಾರದವರು ಎರಡು ವಾರ ಮುಂದು. ಆಗಸ್ಟ್ 15ರ ಸಂಚಿಕೆಯಲ್ಲಿ ಕೋಲಾರದ ಲೇಖನವೂ ಆಗಸ್ಟ್ 30ರ ಸಂಚಿಕೆಯಲ್ಲಿ ಅವರ ಲೇಖನವೂ ಅಚ್ಚಾದುವು. ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೋವನ್ನು ಮನುಷ್ಯನು ಮೊದಲು ಗುರುತಿಸಿದ ಎರಡು ಎಡೆಗಳಲ್ಲಿ ಒಂದು ಕನ್ನಡ ನೆಲ. ವಿದ್ವಾಂಸರ ಹೆಸರುಗಳೊಡನೆ, ಸುಡುವ ಬಂಡೆಗಳ ನಡುವೆ, ಬಂಡೆ ಸಿಡಿಯುವ ಭಯದಲ್ಲಿ, ಆ ಉಪಕರಣಗಳನ್ನು ಇಳಿಸಲು ಹೆಗಲು ಕೊಟ್ಟ ಗಣಿಕಾರ್ಮಿಕರ ಕಾಯಕವನ್ನೂ ನೆನೆಯುವುದು ನಮ್ಮ ಧರ್ಮ.

ಇತ್ತ ಅಮೆರಿಕದ ಹೋಮ್‌ಸ್ಟೇಕ್ ಎಂಬಲ್ಲಿ, ಅದೂ ಚಿನ್ನದ ಗಣಿಯೇ, ರೇಮಂಡ್ ಡೇವಿಸ್ ಎಂಬ ರಸಾಯನಶಾಸ್ತ್ರಜ್ಞರು ಬಟ್ಟೆ ಶುಚಿಗೊಳಿಸುವ ದ್ರವವನ್ನು ದೊಡ್ಡ ತೊಟ್ಟಿಯಲ್ಲಿ ತುಂಬಿ ಸೂರ್ಯನ ನ್ಯೂಟ್ರಿನೋಗಳನ್ನು ಎಣಿಸತೊಡಗಿದರು. 1968ರಿಂದ ಮೊದಲಾಗಿ ವರ್ಷವರ್ಷವೂ ಅವರಿಗೆ ಸಿಕ್ಕಿದುದು ಗಣಿತ ಹೇಳುತ್ತಿದ್ದುದರ ಮೂರನೆಯ ಒಂದು ಪಾಲು ಮಾತ್ರ. ಸೂರ್ಯನ ಲೆಕ್ಕ ತಪ್ಪೋ ತೊಟ್ಟಿಯ ಲೆಕ್ಕ ತಪ್ಪೋ ಎಂದು ಮೂರು ದಶಕ ಚರ್ಚೆ ನಡೆಯಿತು. ಎರಡೂ ಸರಿಯಾಗಿದ್ದುವು. ನಡುವಿನ ಹಾದಿಯಲ್ಲಿ ಏನೋ ನಡೆಯುತ್ತಿತ್ತು.

ನ್ಯೂಟ್ರಿನೋಗಳಲ್ಲಿ ಮೂರು ಬಗೆಗಳಿವೆ. ಎಲೆಕ್ಟ್ರಾನಿನ ಜೊತೆಗಾರ, ಮ್ಯೂಆನಿನ ಜೊತೆಗಾರ, ಟೌ ಎಂಬ ಭಾರವಾದ ಕಣದ ಜೊತೆಗಾರ. ಸೂರ್ಯನಲ್ಲಿ ಹುಟ್ಟುವುದು ಮೊದಲನೆಯ ಬಗೆ, ಡೇವಿಸರ ತೊಟ್ಟಿ ಹಿಡಿಯುತ್ತಿದ್ದುದೂ ಅದನ್ನೇ. ದಾರಿಯಲ್ಲಿ ಅದು ಇನ್ನೊಂದು ಬಗೆಯಾಗಿ ಮಾರ್ಪಟ್ಟರೆ ತೊಟ್ಟಿಗೆ ಕಾಣದು. ಇಂಥ ಮಾರ್ಪಾಡು ಸಾಧ್ಯವೆಂಬ ಆಲೋಚನೆಯನ್ನು 1957ರಲ್ಲಿ ಪಾಂಟೆಕಾರ್ವೋ ಎಂಬವರು ಮುಂದಿಟ್ಟರು. 1962ರಲ್ಲಿ ಜಪಾನಿನ ಮಾಕಿ, ನಾಕಾಗಾವ, ಸಕಾಟ ಎಂಬವರು ಬಗೆಗಳ ಬೆರಕೆಗೆ ಗಣಿತದ ರೂಪ ಕೊಟ್ಟರು.

ಈ ಬೆರಕೆ ಎಂದರೇನು? ನಮ್ಮ ಛಂದಸ್ಸಿನ ಪಾಠದಿಂದ ಇದನ್ನು ತಿಳಿಯಬಹುದು. ಒಂದು ಪದ್ಯದ ಸಾಲನ್ನು ಅಕ್ಷರಗಣಗಳಾಗಿ ವಿಭಾಗಿಸಬಹುದು, ಮಾತ್ರಾಗಣಗಳಾಗಿಯೂ ವಿಭಾಗಿಸಬಹುದು. ಸಾಲು ಒಂದೇ, ಗೆರೆ ಎಳೆಯುವ ಸ್ಥಳ ಮಾತ್ರ ಬೇರೆಬೇರೆ. ಒಂದು ವಿಭಾಗದ ಗಣ ಇನ್ನೊಂದು ವಿಭಾಗದ ಎರಡು ಮೂರು ಗಣಗಳ ತುಣುಕುಗಳಿಂದ ಕೂಡಿರುತ್ತದೆ. ನ್ಯೂಟ್ರಿನೋವಿಗೂ ಹೀಗೆ ಎರಡು ವಿಭಾಗಗಳಿವೆ. ಹುಟ್ಟುವಾಗ ಮತ್ತು ಸಿಕ್ಕಿಬೀಳುವಾಗ ಅದು ಬಗೆಯ ಲೆಕ್ಕಕ್ಕೆ ಸೇರುತ್ತದೆ. ಪ್ರಯಾಣ ಮಾಡುವಾಗ ತೂಕದ ಲೆಕ್ಕಕ್ಕೆ ಸೇರುತ್ತದೆ. ಯಾವ ಬಗೆಯ ನ್ಯೂಟ್ರಿನೋವೂ ಒಂದೇ ಗೊತ್ತಾದ ತೂಕದ್ದಲ್ಲ, ಮೂರು ತೂಕದ ಅಂಶಗಳ ಕೂಟ.

ಇನ್ನು ಆ ಕೂಟದ ಪ್ರಯಾಣ. ಮಠದ ಬಾಗಿಲಿನಿಂದ ಮೂರು ಭಜನೆಯ ಮೇಳಗಳು ಒಂದೇ ಪದವನ್ನು ಒಟ್ಟಿಗೆ ಎತ್ತಿಕೊಂಡು ಹೊರಟುವೆಂದು ಭಾವಿಸೋಣ. ಮೂರರ ನಡೆಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಸಮವಾಗಿದ್ದರೆ, ಊರ ಕೊನೆಯ ಮನೆಯವರಿಗೂ ಮಠದ ಬಾಗಿಲಲ್ಲಿ ಕೇಳಿದ ಹಾಡೇ ಕೇಳಿಸುತ್ತದೆ. ಒಂದರ ನಡೆ ಕೊಂಚ ಚುರುಕು, ಇನ್ನೊಂದರದು ಕೊಂಚ ನಿಧಾನವಾಗಿದ್ದರೆ ಮೊದಲ ನಾಲ್ಕು ಮನೆಗಳಲ್ಲಿ ಭೇದ ತಿಳಿಯದು. ದೂರ ಹೋದಂತೆ ತಾಳಗಳು ಒಂದನ್ನೊಂದು ಬಿಟ್ಟು ಹಾಡಿನ ರೂಪವೇ ಬೇರೆಯಾಗುತ್ತದೆ. ಇನ್ನೂ ದೂರದಲ್ಲಿ, ಐದು ಮಾತ್ರೆಯ ನಡೆಯೂ ಏಳು ಮಾತ್ರೆಯ ನಡೆಯೂ ಮೂವತ್ತೈದನೆಯ ಮಾತ್ರೆಗೆ ಕೂಡುವಂತೆ, ಮತ್ತೆ ಒಂದಾಗುತ್ತವೆ, ಮತ್ತೆ ಅಗಲುತ್ತವೆ. ನ್ಯೂಟ್ರಿನೋ ದಾರಿಯುದ್ದಕ್ಕೂ ಒಂದು ಬಗೆಯಿಂದ ಇನ್ನೊಂದಕ್ಕೂ ಅಲ್ಲಿಂದ ಮತ್ತೆ ಮೊದಲಿನದಕ್ಕೂ ತೂಗಾಡುವುದು ಹೀಗೆ. ನಡೆಯಲ್ಲಿ ಭೇದವುಂಟಾಗುವುದು ತೂಕದಲ್ಲಿ ಭೇದವಿದ್ದರೆ ಮಾತ್ರ. ಮೂರಕ್ಕೂ ತೂಕವೇ ಇಲ್ಲದಿದ್ದರೆ, ಇಲ್ಲವೆ ಮೂರರ ತೂಕವೂ ಒಂದೇ ಆಗಿದ್ದರೆ, ತೂಗಾಟವಿಲ್ಲ. ತೂಗಾಟ ಕಂಡಿತೆಂದರೆ ತೂಕದ ಭೇದ ಇದ್ದೇ ಇದೆ. ಭೇದ ಇದೆಯೆಂದ ಮೇಲೆ ಎಲ್ಲಕ್ಕೂ ತೂಕ ಸೊನ್ನೆಯೆನ್ನಲು ಬರುವುದಿಲ್ಲ.

ನುಡಿಯ ಮಾತು ಬಂದುದು ಇಲ್ಲಿಯೇ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ, ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನವನ್ನು ಓದುತ್ತಿರುವವನು, ರಜೆಯಲ್ಲಿ ಮನೆಗೆ ಬಂದು, “ಗುರುಗಳೆ, ನ್ಯೂಟ್ರಿನೋ ಆಸಿಲೇಷನ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?” ಎಂದು ಕೇಳಿದ. ಪುಸ್ತಕಗಳಲ್ಲಿ ಆಂದೋಲನ ಎಂದಿದೆಯಲ್ಲಪ್ಪ ಎಂದೆ. “ಆಂದೋಲನ ಎಂದರೆ ನಮ್ಮೂರಿನವರು ಚಳವಳಿ ಎನ್ನುತ್ತಾರೆ” ಎಂದು ಅವನು ನಕ್ಕ. ಸ್ವಾತಂತ್ರ್ಯದ ಆಂದೋಲನದಲ್ಲಿ ಹೆಸರಾದ ಊರಿನವನು ಹಾಗೆನ್ನುವುದು ಸಹಜವೇ. ಸಂಸ್ಕೃತದಲ್ಲಿ ಆ ಶಬ್ದದ ಮೂಲಾರ್ಥ ಉಯ್ಯಾಲೆಯಾಡುವಿಕೆ. ಉಯ್ಯಾಲೆಗೂ ತೊಟ್ಟಿಲಿಗೂ ನಮ್ಮ ಮನೆಯ ಹೆಂಗಸರು ಬಳಸುವ ಅಚ್ಚಗನ್ನಡದ ಕ್ರಿಯಾಪದ ಬೇರೆಯೊಂದಿದೆ, ತೂಗು. ತೊಟ್ಟಿಲನ್ನು ತೂಗುತ್ತಾರೆ. ಸಂತೆಯಲ್ಲಿ ಬೆಲ್ಲವನ್ನೂ ತೂಗುತ್ತಾರೆ. ತೂಗುವುದು ಅಲುಗಾಡಿಸುವುದೂ ಹೌದು, ಭಾರವನ್ನು ಅಳೆಯುವುದೂ ಹೌದು. ತೂಕ ಎಂಬ ನಾಮಪದ ಹುಟ್ಟಿದುದೂ ಇದೇ ಧಾತುವಿನಿಂದ. ತಕ್ಕಡಿಯ ದಂಡಿಗೆ ಅತ್ತಿತ್ತ ತೂಗಾಡಿದ ಮೇಲೆಯೇ ತೂಕ ತಿಳಿಯುವುದರಿಂದ ಎರಡರ್ಥಗಳೂ ಒಂದೇ ಮಾತಿನಲ್ಲಿ ನೆಲೆಸಿವೆ. ನ್ಯೂಟ್ರಿನೋವಿನ ವೃತ್ತಾಂತವೂ ಇದೇ. ಅದು ತೂಗಾಡುತ್ತದೆ, ಆ ತೂಗಾಟದಿಂದಲೇ ತೂಕದ ಸುಳಿವು ಸಿಗುತ್ತದೆ. ವಿಜ್ಞಾನಿಗಳು ತೂಕವೆನ್ನದೆ ದ್ರವ್ಯರಾಶಿಯೆನ್ನುತ್ತಾರೆ, ಆ ಭೇದವನ್ನು ವಿಜ್ಞಾನದ ಉಪಾಧ್ಯಾಯರು ತರಗತಿಯಲ್ಲಿ ತಿಳಿಸಲಿ. ಬಾಗಿಲನ್ನು ತೆರೆಯಲು ತೂಗು ಎಂಬ ಒಂದು ಮಾತು ಸಾಕು.

ಬಾಗಿಲು ತೆರೆದ ಮೇಲೆ ಒಳಗಿನ ಸಾಕ್ಷ್ಯವನ್ನು ನೋಡೋಣ. 1998ರಲ್ಲಿ ಜಪಾನಿನ ಕಾಮಿಯೋಕಾ ಎಂಬಲ್ಲಿ, ಹಳೆಯ ಗಣಿಯೊಂದರಲ್ಲಿ 50,000 ಟನ್ ಶುದ್ಧ ಜಲವನ್ನು ತುಂಬಿದ ಕೊಳದ ಬಳಿ ಕುಳಿತವರು ಒಂದು ವಿಚಿತ್ರವನ್ನು ಸಾರಿದರು. ಅವರು ಎಣಿಸಿದುದು ಕೋಲಾರದಲ್ಲಿ ಮೊದಲು ಗುರುತಿಸಿದ ಆ ವಾಯುಮಂಡಲದ ನ್ಯೂಟ್ರಿನೋಗಳನ್ನೇ. ತಲೆಯ ಮೇಲಿನಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ಬಂದವು ಲೆಕ್ಕಕ್ಕೆ ಸರಿಯಾಗಿದ್ದುವು. ಭೂಮಿಯ ಆಚೆಯ ಮಗ್ಗುಲಿನಲ್ಲಿ ಹುಟ್ಟಿ ಸುಮಾರು 13,000 ಕಿಲೋಮೀಟರ್ ದಾಟಿ ಕೆಳಗಿನಿಂದ ಬಂದ ಮ್ಯೂಆನ್ ಬಗೆಯವು ಹೆಚ್ಚುಕಡಮೆ ಅರ್ಧದಷ್ಟು ಮಾತ್ರ ಇದ್ದುವು. ಭೂಮಿ ಅವುಗಳನ್ನು ತಡೆಯಲಿಲ್ಲ, ಉದ್ದವಾದ ಹಾದಿ ಅವುಗಳ ಬಗೆಯನ್ನು ಬದಲಿಸಿತ್ತು. 2001 ಮತ್ತು 2002ರಲ್ಲಿ ಕೆನಡದ ಸಡ್‌ಬರಿಯ ಗಣಿಯಲ್ಲಿ ಸಾವಿರ ಟನ್ ಭಾರಜಲವನ್ನಿರಿಸಿ ಮೂರು ಬಗೆಗಳನ್ನೂ ಎಣಿಸಿದವರು, ಸೂರ್ಯನಿಂದ ಬರಬೇಕಾದ ನ್ಯೂಟ್ರಿನೋಗಳೆಲ್ಲ ಬರುತ್ತಿವೆಯೆಂದೂ ಮೂರನೆಯ ಎರಡು ಪಾಲು ವೇಷ ಬದಲಿಸಿವೆಯೆಂದೂ ತೋರಿಸಿದರು. ಡೇವಿಸರ ಮೂವತ್ತು ವರ್ಷಗಳ ಎಣಿಕೆ ಸರಿಯೆಂದು ಸ್ಥಿರಪಟ್ಟಿತು. 2002ರಲ್ಲಿ ಅವರಿಗೂ, 2015ರಲ್ಲಿ ಜಪಾನಿನ ಕಾಜಿಟ ಮತ್ತು ಕೆನಡದ ಮೆಕ್‌ಡೊನಾಲ್ಡ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಈಗ ತಕ್ಕಡಿಯ ಇನ್ನೊಂದು ಗುಣವನ್ನು ನೆನೆಯಬೇಕು. ಬಟ್ಟುಗಳಿಲ್ಲದೆ ಎರಡು ತಟ್ಟೆಗಳಲ್ಲಿ ಎರಡು ವಸ್ತುಗಳನ್ನಿಟ್ಟರೆ ಯಾವುದು ಭಾರವೆಂಬುದು ತಿಳಿಯುತ್ತದೆ, ಒಂದೊಂದರ ತೂಕ ಎಷ್ಟೆಂಬುದು ತಿಳಿಯದು. ನ್ಯೂಟ್ರಿನೋವಿನ ತೂಗಾಟ ತಿಳಿಸುವುದೂ ವ್ಯತ್ಯಾಸವನ್ನು ಮಾತ್ರ, ಅದರಲ್ಲಿಯೂ ತೂಕಗಳ ವರ್ಗಗಳ ವ್ಯತ್ಯಾಸವನ್ನು. ಮೂರು ತೂಕಗಳ ನಡುವೆ ಅಂಥ ಸ್ವತಂತ್ರವಾದ ವ್ಯತ್ಯಾಸಗಳು ಎರಡು. ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದ ವರ್ಗದಲ್ಲಿ ಹೇಳುವುದಾದರೆ, ಚಿಕ್ಕದು ಒಂದರ ಲಕ್ಷದಲ್ಲಿ ಸುಮಾರು ಏಳೂವರೆ ಭಾಗ. ದೊಡ್ಡದು ಒಂದರ ಸಾವಿರದಲ್ಲಿ ಸುಮಾರು ಎರಡೂವರೆ ಭಾಗ. ದೊಡ್ಡದು ಚಿಕ್ಕದರ ಮೂವತ್ತು ಪಟ್ಟಿಗಿಂತ ಹೆಚ್ಚು. ವ್ಯತ್ಯಾಸ ಚಿಕ್ಕದಾದಷ್ಟೂ ಅದು ಬೆಳಕಿಗೆ ಬರಲು ಬೇಕಾದ ದೂರ ಹೆಚ್ಚು, ಭಜನೆಯ ಮೇಳಗಳಂತೆ. ಪರಮಾಣು ಸ್ಥಾವರದಿಂದ ಹೊರಡುವ ನ್ಯೂಟ್ರಿನೋಗಳಲ್ಲಿ ದೊಡ್ಡ ವ್ಯತ್ಯಾಸ ಒಂದೆರಡು ಕಿಲೋಮೀಟರುಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಚಿಕ್ಕದಕ್ಕೆ ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವಷ್ಟು ದೂರ ಬೇಕು.

ಈ ಅಂಕಿಗಳಿಂದ ತೆಗೆಯಬಹುದಾದ ಒಂದು ಗಟ್ಟಿ ಫಲಿತವೆಂದರೆ, ಮೂರರಲ್ಲಿ ಒಂದಾದರೂ ಎಲೆಕ್ಟ್ರಾನಿನ ಒಂದು ಕೋಟಿಯ ಒಂದು ಭಾಗಕ್ಕೆ ಕಡಮೆಯಿಲ್ಲದ ತೂಕವುಳ್ಳದ್ದು. ಮೇಲಿನ ಮಿತಿಯನ್ನು ಬೇರೆ ಹಾದಿಯಲ್ಲಿ ಹುಡುಕುತ್ತಿರುವ ಜರ್ಮನಿಯ ಕಾಟ್ರಿನ್ ಪ್ರಯೋಗ 2025ರಲ್ಲಿ ಪ್ರಕಟಿಸಿದಂತೆ ಅದು 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ, ಎಂದರೆ ಎಲೆಕ್ಟ್ರಾನಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಕಡಮೆ. ಈ ಎರಡು ಮಿತಿಗಳ ನಡುವೆ ಎಲ್ಲಿಯೋ ಸತ್ಯವಿದೆ. ಮೂರರ ಕ್ರಮವೂ ಇನ್ನೂ ನಿರ್ಧಾರವಾಗಿಲ್ಲ. ಎರಡು ಹಗುರ ಒಂದು ಭಾರವೋ, ಎರಡು ಭಾರ ಒಂದು ಹಗುರವೋ? ಇದನ್ನು ತೀರ್ಮಾನಿಸಲೆಂದು ಚೀನಾ ದೇಶದಲ್ಲಿ ಸ್ಥಾವರಗಳಿಂದ 53 ಕಿಲೋಮೀಟರ್ ದೂರದಲ್ಲಿ, ನೆಲದಡಿಯಲ್ಲಿ, 20,000 ಟನ್ ದ್ರವವನ್ನು ತುಂಬಿದ ಜೂನೋ ಎಂಬ ಉಪಕರಣ 2025ರ ಆಗಸ್ಟ್‌ನಲ್ಲಿ ಕೆಲಸವನ್ನಾರಂಭಿಸಿದೆ.

ಅದೇ ಪ್ರಶ್ನೆಯನ್ನು ಕೇಳುವ ಸಂಕಲ್ಪ ನಮ್ಮ ದೇಶದಲ್ಲಿಯೂ ಇತ್ತು. ಕೋಲಾರದ ನೆಲದಡಿಯ ಪ್ರಯೋಗಗಳು 1980ರ ದಶಕದಲ್ಲಿ ಪ್ರೋಟಾನಿಗೆ ಕ್ಷಯವುಂಟೇ ಎಂಬ ಅನ್ವೇಷಣೆಯಾಗಿ ಮುಂದುವರಿದು, 1990ರ ದಶಕದ ಆರಂಭದಲ್ಲಿ ನಿಂತುಹೋದುವು. 2001ರ ಫೆಬ್ರವರಿಯಲ್ಲಿ ಗಣಿಗಳೇ ಮುಚ್ಚಿದುವು. ಉಪಕರಣಗಳು ನಿಂತಿದ್ದ ಆಳವನ್ನು ನೀರು ತುಂಬಿತು. ಹೊಸ ನ್ಯೂಟ್ರಿನೋ ವೀಕ್ಷಣಾಲಯವನ್ನು ಮೊದಲು ಗುಂಡ್ಲುಪೇಟೆ, ಬಂಡೀಪುರಗಳ ಆಚೆಗೆ ನೀಲಗಿರಿಯ ಸಿಂಗಾರದಲ್ಲಿ ಕಟ್ಟಬೇಕೆಂದು ಯೋಜಿಸಿದ್ದರು. ಆನೆ, ಹುಲಿಗಳ ನೆಲೆಯೆಂದು 2009ರಲ್ಲಿ ಅದಕ್ಕೆ ಅನುಮತಿ ದೊರೆಯಲಿಲ್ಲ. ಬಳಿಕ ತಮಿಳುನಾಡಿನ ಥೇಣಿ ಜಿಲ್ಲೆಯ ಪೊಟ್ಟಿಪುರಂ ಬೆಟ್ಟವನ್ನು ಆರಿಸಿದರು. 50,000 ಟನ್ ಕಬ್ಬಿಣವನ್ನು ಅಯಸ್ಕಾಂತವಾಗಿಸಿ ತೂಕಗಳ ಕ್ರಮವನ್ನು ಅರಿಯುವುದು ಅದರ ಉದ್ದೇಶ. 2015ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆಯಿತ್ತಿತು. ಅಲ್ಲಿನ ಜನರ ವಿರೋಧ, ನ್ಯಾಯಾಲಯದ ವ್ಯಾಜ್ಯ, ಅನುಮತಿಗಳ ತೊಡಕು ಇವುಗಳ ನಡುವೆ ಅದು ಮೇಲೇಳಲಿಲ್ಲ.

ಆ ವಿರೋಧದ ಸರಿತಪ್ಪುಗಳನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಬೆಟ್ಟ, ನೀರು, ಜೀವನೋಪಾಯಗಳನ್ನು ಕುರಿತ ರೈತನ ಆತಂಕವನ್ನು ಹಳ್ಳಿಯಲ್ಲಿ ಬಾಳುವವರು ಹಗುರವಾಗಿ ಕಾಣಲಾರರು. ಆದರೆ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. ಕ್ಷಣಕ್ಷಣವೂ ತನ್ನ ಮೈಯನ್ನು ಹಾದುಹೋಗುತ್ತಿರುವ, ಯಾರಿಗೂ ಎಂದೂ ಕೇಡು ಮಾಡದ ಕಣವನ್ನು ಕುರಿತು ಮನುಷ್ಯ ಭಯಪಟ್ಟರೆ, ಅದನ್ನು ಅವನ ನುಡಿಯಲ್ಲಿ ಅವನಿಗೆ ತಿಳಿಯಹೇಳಿದವರು ಯಾರೆಂದು ಕೇಳಬೇಕಾಗುತ್ತದೆ. ಜನರ ನಾಲಗೆಯ ಮೇಲಿನ ಮಾತಿಗೆ ಇಳಿಯದ ವಿದ್ಯೆ ಜನರ ನೆಲದಲ್ಲಿ ಬೇರೂರುವುದು ಕಷ್ಟ. ನಮ್ಮ ಶರಣರು ಅನುಭಾವದಂಥ ಗಹನವಾದುದನ್ನು ಒಕ್ಕಲುಮಗನಿಗೂ ನೇಯುವವನಿಗೂ ತಿಳಿಯುವ ಕನ್ನಡದಲ್ಲಿ ಹೇಳಿದರು. ಅವರ ಪರಂಪರೆಯ ಮಠದ ಶಾಲೆಗೆ ಈ ಹೊಣೆ ಹೊಸದಾಗಿ ಬಂದುದಲ್ಲ.

ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಇಂಥ ವಿಷಯಗಳನ್ನು ಕೇಳಿದೊಡನೆ, ಇದೆಲ್ಲ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತೆಂದು ಹೇಳಿ ಚಪ್ಪಾಳೆ ಗಿಟ್ಟಿಸುವವರುಂಟು. ಗ್ರಂಥಗಳನ್ನು ಓದಿಯೇ ತಲೆ ನರೆತವನಾದ ನಾನು ಅದನ್ನು ಒಪ್ಪುವುದಿಲ್ಲ. ವಚನದ ಬಯಲು ವಚನದ ಬಯಲೇ, ಅದು ಗಣಿಯಲ್ಲಿ ಅಳೆದ ಮೌನವಲ್ಲ. ತೂಗು ಎಂಬ ಧಾತುವಿನಲ್ಲಿ ಎರಡರ್ಥವಿರುವುದು ಕನ್ನಡಿಗರ ಲೋಕಾನುಭವದ ಫಲ, ಅದರಿಂದ ನ್ಯೂಟ್ರಿನೋವಿನ ತೂಕ ಸಿದ್ಧವಾಗುವುದಿಲ್ಲ. ಅದನ್ನು ಸಿದ್ಧಪಡಿಸಿದುದು ಎರಡು ತಿಂಗಳು ಕಾದು ಸೊನ್ನೆಯನ್ನು ಸೊನ್ನೆಯೆಂದೇ ಬರೆದಿಟ್ಟವರ, ಮೂವತ್ತು ವರ್ಷ ಮೂರನೆಯ ಒಂದು ಪಾಲನ್ನು ಅಷ್ಟೇ ಎಂದು ಹೇಳುತ್ತ ಬಂದವರ ಪ್ರಾಮಾಣಿಕತೆ. ಕಂಡುದನ್ನು ಕಂಡಷ್ಟೇ ಹೇಳುವುದು ಕಾಯಕನಿಷ್ಠೆಯ ಒಂದು ಮುಖ. ಪ್ರಾಚೀನರಿಗೆ ಇಲ್ಲದ ಕೀರ್ತಿಯನ್ನು ತೊಡಿಸುವುದರಿಂದ ಅವರಿಗೆ ಇರುವ ಕೀರ್ತಿಗೂ ಕುಂದು.

ಈ ಸಂಪುಟವನ್ನು ಓದುವ ಉಪಾಧ್ಯಾಯ ಬಂಧುಗಳಲ್ಲಿ, ದೂರದೂರದ ಊರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ, ಶ್ರೀಮಠದ ಅನ್ನದಾಸೋಹಕ್ಕೂ ಅಕ್ಷರದಾಸೋಹಕ್ಕೂ ಕೈನೀಡುತ್ತಿರುವ ದಾನಿ ಮಹಾಶಯರಲ್ಲಿ ಎರಡು ಸಣ್ಣ ವಿಜ್ಞಾಪನೆಗಳಿವೆ. ನಮ್ಮ ವಾಚನಾಲಯದ ಗೋಡೆಯ ಮೇಲೆ ನಾಡಿನ ಕವಿಗಳ ಭಾವಚಿತ್ರಗಳ ಸಾಲಿನಲ್ಲಿ ಬದನವಾಳಿನ ಶ್ರೀಕಂಠನ್ ಅವರದೂ ಒಂದಿರಲಿ, ಕೆಳಗೆ ನಾಲ್ಕು ಸಾಲು ವಿವರಣೆಯಿರಲಿ. ಎರಡನೆಯದಾಗಿ, ವಿಜ್ಞಾನದ ಒಂದು ವಿಷಯವನ್ನು ತನ್ನ ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಬರೆದ ವಿದ್ಯಾರ್ಥಿಗೆ ವರ್ಷಕ್ಕೊಂದು ಪಾರಿತೋಷಕವನ್ನು ಏರ್ಪಡಿಸೋಣ. ಅದನ್ನು ತೂಗಿನೋಡಲು ಕನ್ನಡದ ಪಂಡಿತನೂ ವಿಜ್ಞಾನದ ಉಪಾಧ್ಯಾಯರೂ ಒಂದೇ ಮೇಜಿನ ಎದುರು ಕುಳಿತುಕೊಳ್ಳಲಿ. ಭಾಷೆ ಹಗುರವಾಗಿ ವಿಷಯ ಭಾರವಾದರೂ, ವಿಷಯ ಹಗುರವಾಗಿ ಭಾಷೆ ಭಾರವಾದರೂ ತಕ್ಕಡಿ ವಾಲುತ್ತದೆ. ಎರಡೂ ಸಮನಾದ ಬರಹವೊಂದು ತಗಡೂರಿನ ಮಗುವಿನ ಕೈಯಿಂದ ಹೊರಬಂದ ದಿನ ನಮ್ಮ ಶಾಲೆಯ ದಾಸೋಹ ಸಾರ್ಥಕ.